ವಿಮಾನದ ತುಂಡಿನ ಗುರುತು

ಶಾಸನದ ಕಲ್ಲು ಒಡೆದಿದ್ದರೂ ಉಳಿದ ಒಂದು ಸಾಲು ಕಾಲವನ್ನು ಹೇಳಬಲ್ಲದೆಂಬುದು ಮೂಡುಬಿದಿರೆಯ ಬಸದಿಗಳನ್ನು ಕಂಡ ತಮಗೆ ತಿಳಿದದ್ದೇ. ಹಳೆಯ ಸೇನಾ ವಿಮಾನ ನಿಲ್ದಾಣದ ಮಣ್ಣಿನಲ್ಲಿ ಸಿಗುವ ಲೋಹದ ತುಂಡೂ ಹಾಗೆಯೇ.

ಎರಡನೆಯ ಮಹಾಯುದ್ಧದಲ್ಲಿ ಅಂದಿನ ಮೈಸೂರು ಸಂಸ್ಥಾನದ ಕೋಲಾರದಲ್ಲಿ ಅಂಥ ನಿಲ್ದಾಣವಿತ್ತು. ಬ್ರಿಟಿಷ್ ವಾಯುಪಡೆಯ 358ನೆಯ ಸ್ಕ್ವಾಡ್ರನ್ 1944ರ ನವೆಂಬರಿನಲ್ಲಿ ರಚಿತವಾದದ್ದು ಅಲ್ಲಿಯೇ. ಅದರದು ನಾಲ್ಕು ಎಂಜಿನ್ನುಗಳ ಲಿಬರೇಟರ್ ವಿಮಾನ.

ಇಂಥ ನೆಲದಲ್ಲಿ 14 ಸಿಲಿಂಡರುಗಳ ಎಂಜಿನ್ ಸಿಕ್ಕಿತೆನ್ನೋಣ. ಲಿಬರೇಟರಿನದೆಂದು ಹೇಳಿಬಿಡಬಹುದೆ? ಆಗದು. ಅದೇ ಜಾತಿಯ ಎಂಜಿನ್ ಡಕೋಟಾದಲ್ಲೂ ಇತ್ತು, ನೀರಿನ ಮೇಲೆ ಇಳಿಯುವ ಕ್ಯಾಟಲೀನಾದಲ್ಲೂ ಇತ್ತು. ಒಡಲಿನ ತುಂಡುಗಳ ಮೇಲೆ ಒತ್ತಿರುವ ಭಾಗಸಂಖ್ಯೆಯನ್ನು ನೋಡಬೇಕು. ಕನ್ಸಾಲಿಡೇಟೆಡ್ ಕಂಪೆನಿಗೆ ಲಿಬರೇಟರ್ 32ನೆಯ ಮಾದರಿ, ಕ್ಯಾಟಲೀನಾ 28ನೆಯದು. ಭಾಗಸಂಖ್ಯೆಗಳು ಸಾಮಾನ್ಯವಾಗಿ ಆ ಅಂಕಿಗಳಿಂದಲೇ ಮೊದಲಾಗುತ್ತವೆ. ವಿಮಾನದ ಸ್ವಂತ ಕ್ರಮಸಂಖ್ಯೆಯೇ ಸಿಕ್ಕರಂತೂ, ದಾಖಲೆಗಳಲ್ಲಿ ಅದನ್ನು ಹಾರಿಸಿದವರ ಹೆಸರುಗಳನ್ನು ಹುಡುಕಬಹುದು. ಮರಳಿ ಬಾರದವರ ಮನೆಗಳಿಗೆ ಅದು ಸಣ್ಣ ಸುದ್ದಿಯಲ್ಲ.

ಗುಜರಿಯೆಂದು ತಳ್ಳಿಹಾಕುವಂತೆಯೂ ಇಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಜಖಂಗೊಳಿಸಿ ಬಿಟ್ಟುಹೋದ ಲಿಬರೇಟರುಗಳಲ್ಲಿ ಸುಮಾರು 40ನ್ನು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ದುರಸ್ತಿ ಮಾಡಿ ಹಾರಿಸಿದರು. 1968ರವರೆಗೂ ಅವು ನಮ್ಮ ವಾಯುಪಡೆಯಲ್ಲಿ ದುಡಿದವು.

ಆದುದರಿಂದ ಅಂಥ ತುಂಡು ಸಿಕ್ಕರೆ ಉಜ್ಜಿ ತೊಳೆಯಬೇಡಿ. ಬಣ್ಣದೊಡನೆ ಅಂಕಿಯೂ ಹೋದೀತು. ಸಿಕ್ಕ ಜಾಗವನ್ನು ಬರೆದಿಡಿ. ಮದ್ದುಗುಂಡೆಂಬ ಸಂಶಯ ಬಂದರೆ ಮಾತ್ರ ಕೈಹಚ್ಚದೆ ಪೊಲೀಸರಿಗೆ ತಿಳಿಸಿ. ತೂಕಕ್ಕೆ ಮಾರುವುದು ಯಾವಾಗಲೂ ಇದ್ದೇ ಇದೆ. ಮೊದಲು ಓದಿ ನೋಡಿ.