ವಿದ್ಯೆಗಾಗಿ ಊರು ಬಿಟ್ಟವರಿಗೆ ಧಾರವಾಡ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಕ್ಕಳನ್ನು ಓದಲೆಂದು ಪರವೂರಿಗೆ ಕಳುಹಿಸುವ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಸಾಚಾರ್ ಸಮಿತಿಯ 2006ರ ವರದಿಯಿಂದ ನಾಲ್ಕು ಸಾಲು ಓದಿ ನಿಟ್ಟುಸಿರು ಬಿಟ್ಟರೆ ನಮ್ಮ ಕೆಲಸ ಮುಗಿಯುತ್ತಿತ್ತು. ಆದರೆ ಅಂತಹ ನಿಟ್ಟುಸಿರುಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಆದ್ದರಿಂದ ನಾವು ಮೂರು ವರ್ಷ ಬದುಕಿದ ಒಂದು ಊರಿನ ಬಗ್ಗೆ ಹೇಳುತ್ತೇವೆ.

2008ರ ಜೂನ್ ತಿಂಗಳಲ್ಲಿ ಒಂದು ಟ್ರಂಕು, ಒಂದು ಚಾಪೆಯೊಂದಿಗೆ ನಾವು ಧಾರವಾಡದ ನಿಲ್ದಾಣದಲ್ಲಿ ಇಳಿದೆವು. ಮದ್ರಸದ ಶಿಕ್ಷಣ ಮುಗಿಸಿ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಗಳನ್ನು ಖಾಸಗಿ ಅಭ್ಯರ್ಥಿಯಾಗಿ ಬರೆದು, ಬಿಎ ತರಗತಿಗೆ ಸೇರಲು ಹೊರಟಾಗ ವಯಸ್ಸು ಇಪ್ಪತ್ತೊಂದಾಗಿತ್ತು. ಸಹಪಾಠಿಗಳು ನಮಗಿಂತ ಮೂರು ವರ್ಷ ಕಿರಿಯರು. ಅರಬಿ ವ್ಯಾಕರಣ ಬಲ್ಲೆವು, ಆದರೆ ಅರ್ಜಿ ನಮೂನೆ ತುಂಬಲು ತಿಳಿಯದು. ಆ ಪೇಚನ್ನು ಮದ್ರಸದಲ್ಲಿ ಓದಿದವರು ಮಾತ್ರ ಬಲ್ಲರು.

ಮೊದಲ ವಾರ ಕೋಣೆ ಹುಡುಕುವುದರಲ್ಲೇ ಕಳೆಯಿತು. 'ಬಾಡಿಗೆಗೆ ಇದೆ' ಎಂಬ ಫಲಕ ಗೇಟಿನಲ್ಲಿ ತೂಗುತ್ತಿದ್ದಂತೆಯೇ, ನಮ್ಮ ಹೆಸರು ಕೇಳಿದ ಮೇಲೆ ಕೋಣೆ ಅದಾಗಲೇ ಯಾರಿಗೋ ಹೋಗಿಬಿಟ್ಟಿರುತ್ತಿತ್ತು. ಐದು ಮನೆಗಳಲ್ಲಿ ಹೀಗಾಯಿತು. ಒಂದು ಮನೆಯ ಮಾಲಕರು ನಮ್ಮವರೇ. ಅವರು ಹೆಸರು ಕೇಳಿ ಸಂತೋಷಪಟ್ಟರು, ಬಳಿಕ ಮುಂಗಡವನ್ನು ದುಪ್ಪಟ್ಟು ಮಾಡಿದರು. (ನಗಬೇಡಿ, ಅವರಂಥವರು ಈ ಊರಿನಲ್ಲೂ ಇದ್ದಾರೆ.) ಆರನೆಯ ಮನೆಯವರು ನಿವೃತ್ತ ಶಾಲಾ ಮಾಸ್ತರರು, ಲಿಂಗಾಯತರು. ಅವರು ಹೆಸರು ಕೇಳಿದ್ದು ಕೊನೆಗೆ. ಮೊದಲು ಕೇಳಿದ್ದು, "ಏನು ಓದಾಂವ ಅದೀ ತಮ್ಮಾ?" ಎಂದು. ಇತಿಹಾಸ ಮತ್ತು ಕನ್ನಡ ಎಂದಾಗ, "ಹಂಗಾರ ಒಳಗ ಬಾ" ಎಂದರು.

ಇದನ್ನು ಹೇಳಿ ಧಾರವಾಡದಲ್ಲಿ ಭೇದವೇ ಇಲ್ಲವೆಂದು ನಿಮ್ಮನ್ನು ನಂಬಿಸಲು ನಾವು ಬಂದಿಲ್ಲ. 2022ರ ಏಪ್ರಿಲ್‌ನಲ್ಲಿ ಅದೇ ಊರಿನ ಬಳಿಯ ನುಗ್ಗಿಕೇರಿ ಹನುಮಂತ ದೇವಸ್ಥಾನದ ಆವರಣದಲ್ಲಿ, ಬಡ ಮುಸ್ಲಿಮ್ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಬಡಿದು ಒಡೆದದ್ದನ್ನು ನಾಡೇ ನೋಡಿದೆ. ಆ ವ್ಯಾಪಾರಿಗೆ ನೆರವಾಗಲು ಧರ್ಮಭೇದವಿಲ್ಲದೆ ಜನ ಮುಂದೆ ಬಂದದ್ದನ್ನೂ ನೋಡಿದೆ. ಮೊದಲನೆಯದನ್ನು ಮಾತ್ರ ಮಕ್ಕಳಿಗೆ ಹೇಳಿ ಎರಡನೆಯದನ್ನು ಮರೆಮಾಚಿದರೆ, ಅವರ ಮನಸ್ಸಿನಲ್ಲಿ ಭಯವನ್ನು ಬಿತ್ತಿದವರು ನಾವೇ ಆಗುತ್ತೇವೆ.

ಧಾರವಾಡವು ಹೊರಗಿನವರನ್ನು ಸೇರಿಸಿಕೊಂಡು ಬೆಳೆದ ಊರು. ಅಲ್ಲಿನ ಹೆಸರುವಾಸಿ ಪೇಡೆಯನ್ನು ಮಾಡಿದ್ದು ಉತ್ತರ ಪ್ರದೇಶದ ಉನ್ನಾವದಿಂದ ವಲಸೆ ಬಂದ ಠಾಕೂರ್ ಕುಟುಂಬ. ಸಿತಾರ್ ವಾದನವನ್ನು ಅಲ್ಲಿ ನೆಲೆಗೊಳಿಸಿದವರು ಉಸ್ತಾದ್ ರಹಿಮತ್ ಖಾನರು. ಕನ್ನಡದ ವರಕವಿ ಬೇಂದ್ರೆಯವರ ಮನೆಮಾತು ಮರಾಠಿ. ಜರ್ಮನಿಯಿಂದ ಬಂದ ಕಿಟೆಲ್ ಅವರ ಹೆಸರಿನಲ್ಲಿ ಅಲ್ಲೊಂದು ಕಾಲೇಜೇ ಇದೆ. ಕರ್ನಾಟಕ ವಿಶ್ವವಿದ್ಯಾಲಯವೂ ಒಂದು ಬಗೆಯ ವಲಸಿಗನೇ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದು ನೆಲೆ ನಿಂತಿತು. ಉರ್ದು ಮನೆಮಾತಿನ ನಾವು ಕನ್ನಡ ಸಾಹಿತ್ಯ ಓದಲು ಬಂದದ್ದು ಅಲ್ಲಿ ಯಾರಿಗೂ ಸೋಜಿಗವಾಗಲಿಲ್ಲ.

ತರಗತಿಯ ಒಂದು ಪ್ರಸಂಗವನ್ನು ಹೇಳಲೇಬೇಕು. ಕನ್ನಡಕ್ಕೆ ಬಂದ ಅನ್ಯದೇಶ್ಯ ಪದಗಳ ಪಾಠ ನಡೆದಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಬಗ್ಗೆ ಹೇಳುತ್ತಾ ಅಧ್ಯಾಪಕರು, 'ತಕರಾರು' ಎಲ್ಲಿಂದ ಬಂತು ಎಂದು ಕೇಳಿದರು. ತರಗತಿ ಮೌನವಾಗಿತ್ತು. ಹಿಂದಿನ ಬೆಂಚಿನಲ್ಲಿದ್ದ ನಾವು ಎದ್ದು, ಅದು ಅರಬಿಯ 'ತಕ್ರಾರ್', ಮೂಲಾರ್ಥ 'ಮರಳಿ ಮರಳಿ ಹೇಳುವುದು' ಎಂದೆವು. ಅಧ್ಯಾಪಕರು ನಮ್ಮನ್ನು ಮುಂದೆ ಕರೆದು ಸೀಮೆಸುಣ್ಣವನ್ನು ಕೈಗಿತ್ತರು. ವಕೀಲ, ಕಾಯಿದೆ, ದವಾಖಾನೆ ಎಂದು ಬರೆಯುತ್ತಾ ಹೋದೆವು. ಮದ್ರಸದ ಏಳು ವರ್ಷಗಳ ಓದು ಕಾಲೇಜಿನಲ್ಲಿ ಯಾವ ಉಪಯೋಗಕ್ಕೂ ಬಾರದೆಂದು ಅದುವರೆಗೆ ಸಂಕೋಚದಿಂದ ಅಡಗಿಸಿಟ್ಟಿದ್ದೆವು. ಅಂದಿನಿಂದ ಅಡಗಿಸಲಿಲ್ಲ.

ಊಟದ್ದೊಂದು ದೊಡ್ಡ ಕಥೆ. 2010ರಲ್ಲಿ ರಮಝಾನ್ ಬಂದದ್ದು ಆಗಸ್ಟ್ ತಿಂಗಳಲ್ಲಿ. ಧಾರವಾಡದ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ, ಸಹರಿಯ ಹೊತ್ತಿಗೆ ಯಾವ ಹೋಟೆಲೂ ತೆರೆದಿರುವುದಿಲ್ಲ. ನಾವು ಉಣ್ಣುತ್ತಿದ್ದ ಖಾನಾವಳಿಯ ಅವ್ವ ಮೊದಲ ದಿನವೇ ವಿಷಯ ತಿಳಿದುಕೊಂಡು, ರಾತ್ರಿ ಊಟ ಮುಗಿಸಿ ಹೊರಡುವಾಗ ಕಟಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು ಕಟ್ಟಿಕೊಡತೊಡಗಿದರು. ಒಣಗಿದ ಜೋಳದ ರೊಟ್ಟಿ ಕೆಡುವುದಿಲ್ಲ, ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಉಪವಾಸಿಗರಿಗೆ ಅದಕ್ಕಿಂತ ಒಳ್ಳೆಯ ಆಹಾರವಿಲ್ಲ. ತಿಂಗಳ ಕೊನೆಯಲ್ಲಿ ಹೆಚ್ಚಿನ ಹಣ ಕೊಡಲು ಹೋದಾಗ, "ಮಧ್ಯಾಹ್ನ ನೀ ಉಂಡೇ ಇಲ್ಲಲ್ಲ, ಲೆಕ್ಕ ಸರಿ ಆತು" ಎಂದು ಬಿಟ್ಟರು.

ಇಷ್ಟು ಹೊತ್ತು ಪರರ ಔದಾರ್ಯದ ಮಾತಾಯಿತು. ಇನ್ನು ನಮ್ಮ ಲೆಕ್ಕವನ್ನೂ ನೋಡಬೇಕು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದ ನಿಲಯ ನಡೆಸಿದರು. ಹಳ್ಳಿಗಳಿಂದ ಜೋಳ ಬಂತು, ಅದನ್ನುಂಡು ತಲೆಮಾರುಗಳೇ ಓದಿದವು. ಒಂದು ಸಮುದಾಯ ಮೇಲೆ ಬಂದ ಬಗೆ ಇದು. ನಮ್ಮಲ್ಲಿಯೂ ಅಂಜುಮನ್ ಸಂಸ್ಥೆಗಳು ಧಾರವಾಡದಲ್ಲಿ, ಹುಬ್ಬಳ್ಳಿಯಲ್ಲಿ ಶಾಲಾ ಕಾಲೇಜುಗಳನ್ನು ಕಟ್ಟಿವೆ, ಅದನ್ನು ಮರೆಯಬಾರದು. ಆದರೆ ಹೊರಗಿನಿಂದ ಬರುವ ಹುಡುಗಿಗೆ ಮಲಗಲು ಒಂದು ಮಂಚ? ನಮ್ಮ ಪಟ್ಟಣಗಳಲ್ಲಿ ಎದ್ದು ನಿಂತ ಶಾದಿ ಮಹಲ್‌ಗಳನ್ನೂ, ನಾವು ಕಟ್ಟಿದ ವಿದ್ಯಾರ್ಥಿನಿ ನಿಲಯಗಳನ್ನೂ ನೀವೇ ಎಣಿಸಿ ನೋಡಿ. 2022ರಲ್ಲಿ ಕೇಂದ್ರ ಸರಕಾರವು ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ನಿಲ್ಲಿಸಿದಾಗ ನಾವು ಖಂಡಿಸಿ ಬರೆದೆವು, ಬರೆಯಲೇಬೇಕಿತ್ತು. ಅದೇ ವರ್ಷ ಶಿರವಸ್ತ್ರದ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನಲ್ಲಿ ತಡೆದಾಗಲೂ ಪ್ರತಿಭಟಿಸಿದೆವು. ಆದರೆ ಅದಕ್ಕೂ ಬಹಳ ಮೊದಲು, ಮನೆಯ ಹೊಸ್ತಿಲಲ್ಲೇ ತಡೆಯಲ್ಪಟ್ಟ ಹೆಣ್ಣುಮಕ್ಕಳ ಬಗ್ಗೆ ಯಾರು ಬರೆದರು?

ಇದನ್ನು ಹೇಳುವ ಹಕ್ಕು ನಮಗೆ ಎಷ್ಟಿದೆಯೆಂಬುದನ್ನು ನೀವೇ ತೀರ್ಮಾನಿಸಿ. 2008ರಲ್ಲಿ ನಮ್ಮ ತಂಗಿಯೂ ಪಿಯುಸಿ ಪಾಸಾದಳು. ಅವಳ ಅಂಕಗಳು ನಮ್ಮವಕ್ಕಿಂತ ಬಹಳ ಹೆಚ್ಚು. ಅವಳನ್ನೂ ಧಾರವಾಡಕ್ಕೆ ಕಳುಹಿಸುವ ಮಾತು ಬಂದಾಗ ಅಬ್ಬಾ ಸುಮ್ಮನಿದ್ದರು, ಅಮ್ಮಿ ಅರೆಮನಸ್ಸಿನಲ್ಲಿ ಒಪ್ಪಿದ್ದರು. ಬೇಡವೆಂದವರು ನಾವು. ಅಲ್ಲಿ ಎಲ್ಲಿರುತ್ತಾಳೆ, ಯಾರು ನೋಡಿಕೊಳ್ಳುತ್ತಾರೆ, ಊರೆಲ್ಲ ಏನೆಂದೀತು ಎಂದೆವು. ಹುಡುಗಿಯರ ವಸತಿಗೃಹಗಳು ಆ ಊರಿನಲ್ಲಿದ್ದವು, ವಿಚಾರಿಸುವ ಗೋಜಿಗೂ ನಾವು ಹೋಗಿರಲಿಲ್ಲ. ಮರುವರ್ಷ ಅವಳ ನಿಕಾಹ್ ಆಯಿತು. ನಾವು ಧಾರವಾಡದಿಂದ ರಜೆಗೆ ಬಂದಾಗಲೆಲ್ಲ ಅವಳು ನಮ್ಮ ಪುಸ್ತಕಗಳನ್ನು ತೆಗೆದು ಓದುತ್ತಿದ್ದಳು. ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಆಕೆಯ ಹಿರಿಯ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ವಿಜ್ಞಾನ ಓದಬೇಕು, ಧಾರವಾಡದಲ್ಲೇ ಓದಬೇಕು ಎಂದಿದ್ದಾಳೆ. ಫಲಿತಾಂಶ ಬಂದ ದಿನ ತಂಗಿ ಫೋನ್ ಮಾಡಿ, "ಭಾಯಿಜಾನ್, ಈ ಸಲ ನೀವೇ ಹೋಗಿ ವಿಚಾರಿಸಿಕೊಂಡು ಬನ್ನಿ" ಎಂದಳು. 'ಈ ಸಲ' ಎಂಬ ಎರಡು ಪದಗಳನ್ನು ಅವಳು ಒತ್ತಿ ಹೇಳಲಿಲ್ಲ.

ಕಳೆದ ವಾರ ಹೋಗಿದ್ದೆವು. ಹುಡುಗಿಯರ ಮೂರು ವಸತಿಗೃಹಗಳನ್ನು ನೋಡಿದೆವು. ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ನೀರು ಎಷ್ಟು ಹೊತ್ತು ಬರುತ್ತದೆ, ರಮಝಾನ್‌ನಲ್ಲಿ ಸಹರಿಗೆ ಏನು ವ್ಯವಸ್ಥೆ ಎಂದು ಕೇಳಿ ಬರೆದುಕೊಂಡೆವು. ಮೂರನೆಯದರ ಮೇಲ್ವಿಚಾರಕಿ, "ರಾತ್ರಿಯೇ ರೊಟ್ಟಿ ಮಾಡಿ ಇಡತೇವ್ರಿ, ನಮ್ಮಲ್ಲಿ ಉಪವಾಸ ಮಾಡೋ ಹುಡುಗ್ಯಾರು ಮೊದಲಿಂದ ಅದಾರ" ಎಂದರು. ಮುಂಗಡ ಕಟ್ಟಿ ರಸೀದಿ ತಂದಿದ್ದೇವೆ. ಈ ಸಭೆ ಮುಗಿದ ಮೇಲೆ ಅದನ್ನು ತಂಗಿಯ ಮನೆಗೆ ತಲುಪಿಸಬೇಕಾಗಿದೆ. ಆ ಮೂರೂ ಕಡೆಗಳ ವಿವರಗಳು ನಮ್ಮ ಬಳಿ ಇವೆ. ಬೇಕಾದವರು ಹೊರಡುವ ಮುನ್ನ ಬಂದು ಬರೆದುಕೊಳ್ಳಬಹುದು.