ಕೊನೆಯ ಗದ್ದೆಗೂ ನೀರು



ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ದೀಪಾಂಜಲಿ ನಗರದ ಮಗ್ಗುಲಿಗೆ ವೃಷಭಾವತಿ ಹರಿಯುತ್ತದೆ. ಈಗ ಅದರ ಬಳಿ ಹೋದವರು ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ಇದೇ ನೀರು ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರಿ, ಕಾಲುವೆಗಿಳಿದು ಎಷ್ಟೋ ಜನರ ಹೊಲಗದ್ದೆಗೆ ಹಾಯುತ್ತ ಬಂದಿದೆ. ಬತ್ತ ಬೆಳೆಯುತ್ತಿದ್ದ ಹಲವರು ಮೇವಿನ ಹುಲ್ಲಿಗೆ ತಿರುಗಿದರು. ನೋಡಿ, ಮೇಲಿನವರು ನೀರನ್ನು ಹೇಗೆ ಬಳಸಿದರೋ ಕೆಳಗಿನವರ ಬಾಳು ಹಾಗೆ.

ಮಳೆ ಕಡಮೆಯಾದ ನಮ್ಮ ಸೀಮೆಯಲ್ಲಿ ಹಿರಿಯರು ಇದನ್ನರಿತೇ ಸಾಲುಸಾಲಾಗಿ ಕೆರೆ ಕಟ್ಟಿದರು. ಒಂದರ ಕೋಡಿ ನೀರು ಮುಂದಿನ ಕೆರೆಗೆ. ತೂಬು ಎತ್ತುವವನು ನೀರುಗಂಟಿ. ಊರು ಕೂಡಿ ಗೊತ್ತುಮಾಡಿದಷ್ಟೇ ನೀರು ಬಿಡಬೇಕು, ಕೊನೆಯ ಗದ್ದೆಗೂ ಸರದಿ ತಪ್ಪಬಾರದು ಎಂಬುದು ಕಟ್ಟಳೆ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಪಾಲು. ಆದರೆ ನಿಜ ಹೇಳಬೇಕು: ಅನೇಕ ಊರುಗಳಲ್ಲಿ ನೀರು ಹಾಯಿಸುವವನು ದಲಿತ, ಗದ್ದೆ ಬೇರೆಯವರದು. ಎಲ್ಲರ ಪೈರಿಗೆ ನೀರುಣಿಸಿದವನು ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ನಮಗೆ ಹಳೆಯ ಶಿಸ್ತು ಬೇಕು, ಹಳೆಯ ಅನ್ಯಾಯ ಬೇಡ.

ಆಮೇಲೆ ಕೊಳವೆಬಾವಿ ಬಂತು. ಕೆರೆ ಊರಿನದು, ಬೋರು ಒಬ್ಬನದು. ದುಡ್ಡಿದ್ದವನು ಆಳಕ್ಕೆ ಇಳಿಸಿದ, ಪಕ್ಕದವನ ಬಾವಿ ಬತ್ತಿತು. ಸಾಲ ಮಾಡಿ ಕೊರೆಸಿದವನಿಗೆ ಬರೀ ಧೂಳೆದ್ದರೆ ಅವನು ಪಟ್ಟಣಕ್ಕೆ ಕೂಲಿಗೆ ಹೊರಟ. ಕೆರೆಯ ಹೂಳೆತ್ತಲು ಕೈಗಳೇ ಇಲ್ಲದಾದವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬಾವಿಗಳಲ್ಲಿ ನೀರು ಮೇಲೆದ್ದಿದ್ದೂ ಉಂಟು, ಶುದ್ಧಿ ಸಾಲದೆಂಬ ದೂರೂ ಉಂಟು. ಎಲ್ಲಿಂದಲೇ ನೀರು ಬರಲಿ, ಹಂಚಿಕೊಳ್ಳುವ ಕೆಲಸ ಮಾತ್ರ ನಮ್ಮದೇ.

ಹಾಗಾದರೆ ಮಾಡುವುದೇನು? ಮಳೆಗಾಲ ಮುಗಿಯುತ್ತಲೇ ಕೆರೆ ಏರಿಯ ಮೇಲೆ ಊರವರು ಸೇರಿ, ನೀರೆಷ್ಟಿದೆ ನೋಡಿ. ಅರ್ಧವೇ ಇದೆಯೇ? ಬತ್ತದ ಆಸೆ ಬಿಟ್ಟು ರಾಗಿಯಂಥ ಕಡಮೆ ನೀರಿನ ಬೆಳೆ ಇಡಿ. ಸರದಿಯನ್ನು ಕಾಲುವೆಯ ಕೊನೆಯಿಂದ ಶುರುಮಾಡಿ. ಹೆಂಗಸರನ್ನೂ ಜಮೀನಿಲ್ಲದವರನ್ನೂ ಸಭೆಯಲ್ಲಿ ಕೂರಿಸಿಕೊಳ್ಳಿ. ದನಕ್ಕೆ, ಬಟ್ಟೆಬರೆಗೆ ಅವರಿಗೂ ನೀರು ಬೇಕಲ್ಲ! ಬೋರು ಕೊರೆಸುವ ಮುಂಚೆ ಪಕ್ಕದವನನ್ನು ಒಂದು ಮಾತು ಕೇಳಿ. ಇಬ್ಬರು ಮೂವರು ಕೂಡಿ ಒಂದರಲ್ಲೇ ಹಂಚಿಕೊಂಡರೆ ಸಾಲವೂ ಹಂಚಿಹೋಗುತ್ತೆ.

ಒಂದೂರಿನ ಕ್ಷೇಮ ತಿಳಿಯಬೇಕಾದರೆ ತೂಬಿನ ಕೆಳಗಿನ ಮೊದಲ ಗದ್ದೆ ನೋಡಬೇಡಿ, ಕಟ್ಟಕಡೆಯ ಗದ್ದೆ ನೋಡಿ. ಅದು ಹಸಿರಾಗಿದ್ದರೆ ಊರು ನೆಟ್ಟಗಿದೆ.