ಕಾರ್ಬುರೇಟರಿಗೆ ಕೈ ಹಾಕುವ ಮುನ್ನ
(ತೋಟದ ಚಾಲಕರ ಕೂಟದಲ್ಲಿ ಆಡಿದ ಮಾತು)



ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೂ ನಮ್ಮ ನೀಲಗಿರಿಯ ತೋಟದಲ್ಲಿ ಒಂದು ಹಳೆಯ ಬಂಡಿ ಇನ್ನೂ ಓಡುತ್ತಿದೆ. ಮದುವೆಗೂ ಅದೇ, ಆಸ್ಪತ್ರೆಗೂ ಅದೇ. ಅದನ್ನು ಓಡಿಸುವವರೂ ಹತ್ತುವವರೂ ನಾವೇ ಆದ್ದರಿಂದ ಈ ನಾಲ್ಕು ಮಾತು.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಒಂದು ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದ ತಂಗಿಯೊಬ್ಬಳನ್ನು ಕೂನೂರಿಗೆ ಕರೆದೊಯ್ಯುತ್ತಿದ್ದೆವು. ಏರಿನಲ್ಲಿ ಕಾರು ಕಪ್ಪು ಹೊಗೆ ಕಕ್ಕಿ ನಿಂತಿತು. ಟಾರ್ಚ್ ಹಿಡಿದು ಕೈಗೆ ಸಿಕ್ಕಿದ ನಟ್ಟನ್ನೆಲ್ಲ ತಿರುಗಿಸಿದೆವು. ಒಂದು ಗಂಟೆ ಹೋಯಿತು. ಆ ತಂಗಿ ಹಿಂದಿನ ಸೀಟಿನಲ್ಲಿ ಸೆರಗು ಕಚ್ಚಿಕೊಂಡು ಕುಳಿತಿದ್ದಳು. ಕೊನೆಗೆ ತರಕಾರಿ ಲಾರಿಯವರು ಹತ್ತಿಸಿಕೊಂಡು ಹೋದರು. ತಾಯಿ, ಮಗು ಇಬ್ಬರೂ ಉಳಿದರು. ಬೆಳಿಗ್ಗೆ ನೋಡಿದರೆ ಕಾರಿನಲ್ಲಿ ಮುರಿದದ್ದು ಏನೂ ಇಲ್ಲ! ಚೋಕ್ ಒಳಗೆ ತಳ್ಳಿದ್ದರೂ ಜೆಟ್ ಮಾತ್ರ ಕೆಳಗೇ ಸಿಕ್ಕಿಕೊಂಡಿತ್ತು. ಬೆರಳಿನಿಂದ ಮೇಲಕ್ಕೆ ಒತ್ತಿದ್ದರೆ ಸಾಕಾಗಿತ್ತು.

ನಮ್ಮ ಕಾರಿನಲ್ಲಿರುವುದು ಎಸ್.ಯು. ಕಾರ್ಬುರೇಟರ್. ಅದರೊಳಗೆ ಒಂದು ಪಿಸ್ಟನ್ನು ಗಾಳಿಯ ಸೆಳೆತಕ್ಕೆ ಏರಿ ಇಳಿಯುತ್ತದೆ. ಪಿಸ್ಟನ್ನಿಗೆ ಅಂಟಿದ ಸೂಜಿ ಜೆಟ್ಟಿನ ತೂತಿನಲ್ಲಿ ಆಡುತ್ತದೆ. ಸೂಜಿ ತುದಿಗೆ ಹೋದಂತೆ ಸಣ್ಣ. ಅದಕ್ಕೇ ಪಿಸ್ಟನ್ ಏರಿದಷ್ಟೂ ಪೆಟ್ರೋಲು ಹೆಚ್ಚು ಬರುತ್ತದೆ. ಚೋಕ್ ಎಳೆದರೆ ಜೆಟ್ಟೇ ಕೆಳಗಿಳಿಯುತ್ತದೆ, ಆಗಲೂ ಪೆಟ್ರೋಲು ಹೆಚ್ಚು. ಅದು ಹಿಂದಕ್ಕೆ ಏರದಿದ್ದರೆ ನಮ್ಮ ಆ ರಾತ್ರಿಯ ಗತಿಯೇ.

ಇನ್ನು ಕ್ರಮ. ಕಾರ್ಬುರೇಟರಿನ ಮೇಲೆ ಹೊರಿಸುವ ತಪ್ಪು ಎಷ್ಟೋ ಸಲ ಪ್ಲಗ್ಗಿನದು, ಪಾಯಿಂಟಿನದು. ಮೊದಲು ಕಿಡಿ ನೋಡಿ. ಆಮೇಲೆ ಪೆಟ್ರೋಲು ಬರುತ್ತಿದೆಯೇ ನೋಡಿ. ಫ್ಲೋಟ್ ಬಟ್ಟಲಿನಿಂದ ಪೆಟ್ರೋಲು ಉಕ್ಕಿದರೆ ಅದರ ಸೂಜಿಯಡಿ ಕಸ ಕೂತಿರಬಹುದು. ಇಂಜಿನ್ ನಿಲ್ಲಿಸಿ, ತಣಿದ ಮೇಲೆ ಮುಚ್ಚಳ ತೆಗೆದು ಒರೆಸಿ. ಮುಂದೆ ಪಿಸ್ಟನ್ನನ್ನು ಎತ್ತಿ ಬಿಡಿ. ಟಕ್ ಎಂದು ಬಿದ್ದರೆ ಸರಿ, ತಡೆದು ಬಿದ್ದರೆ ಸೂಜಿ ಉಜ್ಜುತ್ತಿದೆ ಅಥವಾ ಒಳಗೆ ಕೊಳೆ ಇದೆ. ಮೇಲಿನ ಡ್ಯಾಂಪರಿನಲ್ಲಿ ಎಣ್ಣೆ ಆರಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಬಂಡಿ ಮುಗ್ಗರಿಸುತ್ತದೆ. ತೆಳು ಇಂಜಿನ್ ಎಣ್ಣೆ ಸಾಕು, ಗ್ರೀಸ್ ಮಾತ್ರ ಬೇಡ. (ಒಬ್ಬರು ಕೊಬ್ಬರಿ ಎಣ್ಣೆ ಹಾಕಿದ್ದರು. ಚಳಿಗೆ ಅದು ಹೆಪ್ಪುಗಟ್ಟಿತು.)

ಕಡೆಯದು ಜೆಟ್ಟಿನ ನಟ್ಟು. ಇಂಜಿನ್ ಬಿಸಿಯಾಗಿ ನಿಧಾನವಾಗಿ ಓಡುತ್ತಿರುವಾಗ ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟೂ ಇಲ್ಲದಂತೆ ಎತ್ತಿ ನೋಡಿ. ಓಟ ಏರಿ ಹಾಗೇ ನಿಂತರೆ ಪೆಟ್ರೋಲು ಹೆಚ್ಚು, ಕುಸಿದರೆ ಕಡಿಮೆ, ಸ್ವಲ್ಪ ಏರಿ ಮೊದಲಿನಂತಾದರೆ ಸರಿ. ನಟ್ಟನ್ನು ಮೇಲಕ್ಕೆ ಏರಿಸಿದರೆ ಪೆಟ್ರೋಲು ಇಳಿಯುತ್ತದೆ. ನಟ್ಟಿಗೆ ಆರು ಮುಖ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಎಣಿಸಿ ಬರೆದಿಡಿ.

ಬೆಟ್ಟದವರು ಇನ್ನೊಂದು ನೆನಪಿಡಬೇಕು. ಮೆಟ್ಟುಪಾಳಯ ಸುಮಾರು 325 ಮೀಟರ್ ಎತ್ತರದಲ್ಲಿದೆ, ಊಟಿ ಸುಮಾರು 2240. ಸಮುದ್ರದ ಮಟ್ಟಕ್ಕೆ ಹೋಲಿಸಿದರೆ ಊಟಿಯ ಗಾಳಿ ಐದರಲ್ಲಿ ಒಂದು ಪಾಲು ತೆಳು. ಕೆಳಗೆ ಸರಿಮಾಡಿಸಿದ ಕಾರು ಮೇಲೆ ಬಂದು ಹೊಗೆ ಬಿಟ್ಟರೆ ಮೆಕ್ಯಾನಿಕ್‌ನನ್ನು ಬೈಯಬೇಡಿ, ಡ್ರೈವರನ ಕೂಲಿ ಹಿಡಿಯಲೂ ಬಿಡಬೇಡಿ. ಹಾಗೆಯೇ ಇಲ್ಲಿ ಪೆಟ್ರೋಲು ಇಳಿಸಿದ ಕಾರು ಕೆಳಗೆ ಹೋದಾಗ ಜಗ್ಗುತ್ತದೆ, ಬಿಸಿಯಾಗುತ್ತದೆ.

ತೆರೆದ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿದು ಸ್ಟಾರ್ಟ್ ಮಾಡುವುದನ್ನು ಇಂದೇ ಬಿಡಿ. ಬೆಂಕಿ ಹಿಂದಕ್ಕೆ ಉಗುಳಿದರೆ ಮುಖವೇ ಹೋಗುತ್ತದೆ. ಬಾನೆಟ್ ಎತ್ತಿದ ಕಡೆ ಬೀಡಿಯೂ ಬೇಡ, ಸೀಮೆಎಣ್ಣೆ ದೀಪವೂ ಬೇಡ. ಆ ರಾತ್ರಿಯಿಂದ ನಮ್ಮ ಕಾರಿನಲ್ಲಿ ಒಂದು ಟಾರ್ಚ್, ಒಂದು ಹಳೆಯ ಬನಿಯನ್ ಬಟ್ಟೆ, ಲಾರಿಯವರ ಫೋನ್ ನಂಬರ್ ಬರೆದ ಚೀಟಿ ಇಟ್ಟಿದ್ದೇವೆ.